ಸುಖೇಶ್ ಶೆಟ್ಟರ ಅರ್ಧ ಹೋಟೆಲು

ಲೋಕದ ಗಡಿಗಳನ್ನೆಲ್ಲ ಕಾಯುವ ಹೊಣೆಯನ್ನು ಸುಖೇಶ್ ಶೆಟ್ಟರಿಗೆ ಯಾರೂ ಕೊಟ್ಟಿರಲಿಲ್ಲ. ಆದರೂ ಪುಣೆಯ ಕಾತ್ರಜದ ತಮ್ಮ ಇಡ್ಲಿ ಹೋಟೆಲಿನಲ್ಲಿ ಬೆಳಗಿನ ಗಿರಾಕಿ ಕರಗಿದ ಕೂಡಲೇ ಅವರು ಮೊಬೈಲು ತೆಗೆದು ಆ ಕೆಲಸಕ್ಕೆ ಕೂರುತ್ತಿದ್ದರು. ಅಂದು ಪುಣೆಯ ಸುದ್ದಿಪುಟವೊಂದರಲ್ಲಿ ಊರು ಬಿಟ್ಟು ಬಂದ ಅಫಘಾನಿ ಕುಟುಂಬಗಳ ಫೋಟೋ ಇತ್ತು. ತಾವು ಅಪ್ಪಟ ಸ್ಥಳೀಯರೆಂದು ತೋರಿಸಲು ಶೆಟ್ಟರು ಮರಾಠಿಯಲ್ಲೇ ಕಾಮೆಂಟ್ ಕುಟ್ಟಿದರು: "ನಿರಾಶ್ರಿತರನ್ನೆಲ್ಲ ಗಂಟುಮೂಟೆ ಸಮೇತ ಓಡಿಸಿ. ಅಷ್ಟು ಪ್ರೀತಿ ಇದ್ದವರು ತಮ್ಮ ಮನೆಯಲ್ಲಿ ಇಟ್ಟುಕೊಳ್ಳಲಿ!" ಕುಂದಾಪುರದಿಂದ ಒಂದೇ ಚೀಲ ಹಿಡಿದು ತಾವೇ ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಇಳಿದದ್ದು ಆಗ ಅವರಿಗೆ ನೆನಪಿರಲಿಲ್ಲ.

ಪಕ್ಕದ ಟೇಲರಿಂಗ್ ಅಂಗಡಿಯ ಶರಣಮ್ಮ ಚಹಾಕ್ಕೆ ಬಂದರು. "ಶೆಟ್ರ, ನಿಮ್ಮ ಕಾಮೆಂಟ್ ಓದಿದ್ನಿರಿ. ಭಾಳ ಧೈರ್ಯ ಬಿಡ್ರಿ ನಿಮಗ!"

"ಇದ್ದದ್ದು ಹೇಳ್ಲಿಕ್ಕೆ ಎಂತ ಹೆದರಿಕೆ?"

"ಅಲ್ರೀ, ನಿಮ್ಮ ಜಾಗದ ಮಾಲಕರು ಖೂಬಚಂದ ಸೇಟ್ ಸಿಂಧಿ ಮಂದಿ. ದೇಶ ಒಡದಾಗ ಅವರಜ್ಜ ಎಲ್ಲಾ ಬಿಟ್ಟು ಓಡಿಬಂದು ಪಿಂಪ್ರಿಯ ನಿರಾಶ್ರಿತರ ಕ್ಯಾಂಪಿನ್ಯಾಗ ಇದ್ರಂತ. ಸೇಟರೂ ಇದ ಪೇಜ್ ನೋಡ್ತಾರ. ಇವತ್ತ ಸಂಜಿಗೆ ನಿಮ್ಮ ಬಾಡಿಗೆ ಕರಾರಿಗೆ ಸಹಿ ಅದ ಅಲ್ಲೇನು?"

ಶೆಟ್ಟರು ಗಬಕ್ಕನೆ ಮೊಬೈಲು ಎತ್ತಿಕೊಂಡರು. ಹನ್ನೊಂದು ವರ್ಷದ ಹೋಟೆಲು. ಸೇಟ್ ಸಹಿ ಹಾಕದಿದ್ದರೆ ನಾಳೆ ಇಡ್ಲಿ ಪಾತ್ರೆಗಳೆಲ್ಲ ಬೀದಿಯಲ್ಲಿ.

ಅಡುಗೆಮನೆಯಿಂದ ಹೆಂಡತಿ ಪ್ರಫುಲ್ಲಾ ಸೌಟು ಹಿಡಿದೇ ಬಂದಳು. "ಎಂತ ಮಾರಾಯ್ರೆ ನೀವು! ಇಡೀ ಪ್ರಪಂಚಕ್ಕೆ ಬುದ್ಧಿ ಹೇಳ್ಲಿಕ್ಕೆ ಹೋಗ್ತೀರಿ. ಮೊದ್ಲು ಅದನ್ನು ಅಳಿಸಿ!"

"ಅಳಿಸಿದೆ. ಸೇಟ್ ಆಗ್ಲೇ ನೋಡಿದ್ರೆ?"

"ಹಂಗಾರ ಛಲೋದೊಂದು ಬರೀರಿ" ಎಂದರು ಶರಣಮ್ಮ.

ಶೆಟ್ಟರು ಬರೆದರು: "ನೆಲೆ ಕಳೆದುಕೊಂಡು ಬಂದವರು ನಮ್ಮ ನೆಂಟರು." ಎರಡೇ ನಿಮಿಷದಲ್ಲಿ ಯಾವನೋ ಉತ್ತರಿಸಿದ: "ಅಷ್ಟು ಪ್ರೀತಿ ಇದ್ದರೆ ನಿನ್ನ ಮನೆಯಲ್ಲಿ ಇಟ್ಟುಕೋ!"

ತಾವು ಎಸೆದ ಕಲ್ಲು ತಮ್ಮ ತಲೆಗೇ ಬಿದ್ದರೂ ಕಾಮೆಂಟಿನಲ್ಲಿ ಸೋತು ಶೆಟ್ಟರಿಗೆ ಅಭ್ಯಾಸವಿಲ್ಲ. "ಇಟ್ಟುಕೊಳ್ಳುತ್ತೇನೆ! ನನ್ನ ಹೋಟೆಲಿನ ಅರ್ಧ ಜಾಗವನ್ನೇ ಬಿಟ್ಟುಕೊಡುತ್ತೇನೆ!" ಎಂದು ಒತ್ತಿಬಿಟ್ಟರು. ಲೈಕುಗಳು ಸುರಿದವು. ಶರಣಮ್ಮ ಅದನ್ನು ಪುಣೆಯ ಕನ್ನಡ ಗುಂಪುಗಳಿಗೆಲ್ಲ ಹಂಚಿದರು.

ಸಂಜೆ ಖೂಬಚಂದ ಸೇಟ್ ಬಂದವರೇ ಶೆಟ್ಟರನ್ನು ಬಾಚಿ ತಬ್ಬಿಕೊಂಡರು. ಕಣ್ಣು ಒದ್ದೆಯಾಗಿತ್ತು. "ಶೆಟ್ಟೀಜಿ, ನೀವು ಬರೆದದ್ದು ಓದಿದೆ. ನಮ್ಮ ಅಜ್ಜ ಇದ್ದಿದ್ದರೆ ನಿಮ್ಮ ಕೈ ಹಿಡಿದು ಅಳುತ್ತಿದ್ದರು" ಎಂದು ಹಿಂದಿಯಲ್ಲಿ ಹೇಳಿದರು. ಬದುಕಿದೆಯಾ ಬಡಜೀವವೇ ಎಂದುಕೊಂಡ ಶೆಟ್ಟರು ಕಾಫಿ ತರಿಸಿದರು.

"ಕರಾರು ತಂದಿದ್ದೀರಾ ಸೇಟ್‌ಜೀ?"

"ಒಂದಲ್ಲ, ಎರಡು! ಅಫಘಾನಿ ಗೃಹಸ್ಥನೊಬ್ಬ ತಂದೂರಿ ರೊಟ್ಟಿ ಮಾರಲು ಜಾಗ ಕೇಳುತ್ತಿದ್ದ. ಪೂರ್ತಿ ಜಾಗ ನಿಮಗೇ ಎಂದು ನಿನ್ನೆ ಅವನನ್ನು ವಾಪಸ್ ಕಳಿಸಿದ್ದೆ. ನಿಮ್ಮ ಕಾಮೆಂಟ್ ನೋಡಿ ಮತ್ತೆ ಕರೆಸಿದೆ. ಅರ್ಧ ನಿಮಗೆ, ಅರ್ಧ ಅವನಿಗೆ."

ಬಾಗಿಲಲ್ಲಿ ನಿಂತಿದ್ದ ಆತ ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸಿದ. ಗಿರಾಕಿಗಳು ಚಪ್ಪಾಳೆ ತಟ್ಟಿದರು. ಶರಣಮ್ಮ ವೀಡಿಯೋ ಶುರು ಮಾಡಿದರು.

ಶೆಟ್ಟರಿಗೆ ಅಳು ಬರುವುದೊಂದು ಬಾಕಿ. "ಸೇಟ್‌ಜೀ, ಬೆಳಿಗ್ಗೆ ನಾನು ಇನ್ನೊಂದು ಬರೆದಿದ್ದೆ…"

"ಬೆಳಿಗ್ಗೆಯಾ? ನೋಡಲೇ ಇಲ್ಲ. ಮಧ್ಯಾಹ್ನದವರೆಗೆ ನನ್ನ ಫೋನು ರಿಪೇರಿಯಲ್ಲಿತ್ತು. ಏನು ಬರೆದಿದ್ದಿರಿ?"

ಶೆಟ್ಟರು ಕ್ಯಾಮೆರಾ ನೋಡಿದರು, ಕರಾರು ನೋಡಿದರು.

"ಇದನ್ನೇ ಸೇಟ್‌ಜೀ… ಸ್ವಲ್ಪ ಬೇರೆ ಥರ" ಎಂದು ಸಹಿ ಹಾಕಿದರು.