ಅಕ್ಕಿ ಚೀಲದೊಳಗಿನ ಪಾಸ್‌ಪೋರ್ಟು

ನಾಟಕದ ಮಕ್ಕಳನ್ನು ಕಟ್ಟಿಕೊಂಡು ಹೊರಟರೆ ರಂಗದ ಮೇಲೆ ನಡೆಯುವುದು ಒಂದೇ ನಾಟಕ, ಅದರ ಹೊರಗೆ ನಡೆಯುವುದಕ್ಕೆ ಲೆಕ್ಕವೇ ಇಲ್ಲ. ಸುಳ್ಯದ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಮಾಡುವ ನನಗೂ ನಾಟಕಕ್ಕೂ ಯಾವ ಸಂಬಂಧವೂ ಇರಲಿಲ್ಲ. ಸಿಂಗಾಪುರದಲ್ಲಿ ನಡೆಯುವ ವಿದ್ಯಾರ್ಥಿ ನಾಟಕೋತ್ಸವಕ್ಕೆ ನಮ್ಮ ತಂಡಕ್ಕೆ ಕರೆ ಬಂದಾಗ, "ಹುಡುಗಿಯರಿದ್ದಾರೆ, ಒಬ್ಬರು ಮೇಡಂ ಜೊತೆಗೆ ಬೇಕು" ಎಂದು ಪ್ರಿನ್ಸಿಪಾಲರು ನನ್ನ ತಲೆಗೆ ಕಟ್ಟಿದರು. ನಾನೋ, ಪುತ್ತೂರಿಗೆ ಹೊರಟರೂ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಜಾಲ್ಸೂರಿನಿಂದ ವಾಪಸ್ ಬಂದು ನೋಡುವ ಪೈಕಿ.

ನಾಯಕಿಯ ಪಾತ್ರ ಮಾಡುವ ಹುಡುಗಿ ಪೆರಾಬೆಯವಳು. ಅವಳು ರಂಗಕ್ಕೆ ಬಂದರೆ ನಮ್ಮ ಕಾಲೇಜಿನ ಗಲಾಟೆಯ ಹಿಂದಿನ ಬೆಂಚೂ ಸುಮ್ಮನಾಗುತ್ತಿತ್ತು. ಆದರೆ ಅವಳ ಅಮ್ಮ ಕಳಿಸಲು ಒಪ್ಪಲಿಲ್ಲ. ನಾನೇ ಮನೆಗೆ ಹೋಗಿ, ಕೊಟ್ಟ ಪುನರ್ಪುಳಿ ಶರಬತ್ತನ್ನೆಲ್ಲ ಕುಡಿದು, ಗೋಗರೆದ ಮೇಲೆ ಅವರು ಹೇಳಿದರು: "ನಿಮ್ಮ ಮುಖ ನೋಡಿ ಕಳಿಸುದು ಮೇಡಂ. ಎಂತಾದ್ರೂ ಎಡವಟ್ಟಾದ್ರೆ ಇವಳ ನಾಟಕ ಅಲ್ಲಿಗೇ ಬಂದ್."

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನಾನು ಖಾಲಿ ಲೋಟವನ್ನೇ ಇನ್ನೊಮ್ಮೆ ಬಾಯಿಗೆತ್ತಿದೆ.

ಸತ್ತು ತೋರಿಸಿದ ಸೇನಾಪತಿ

ಮಂಗಳೂರು ವಿಮಾನ ನಿಲ್ದಾಣಕ್ಕೆ ಆ ಅಮ್ಮನೂ ಬಂದಿದ್ದರು. "ಅಲ್ಲಿ ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ ತಿಂದು ಹೊಟ್ಟೆ ಹಾಳು ಮಾಡ್ಬೇಡಿ" ಎಂದು ಒಂದು ಚೀಲ ಕುಚ್ಚಲಕ್ಕಿಯನ್ನು ಮಗಳ ಕೈಗೆ ಕೊಟ್ಟು, ಗಾಜಿನ ಆಚೆ ನಿಂತುಕೊಂಡರು.

ಒಳಗೆ ಸಾಮಾನು ತಪಾಸಣೆಯ ಅಧಿಕಾರಿ ನಮ್ಮ ಪೆಟ್ಟಿಗೆ ತೆರೆಸಿದ. ಒಳಗಿದ್ದದ್ದು ನಾಟಕದ ಕತ್ತಿ. ಮರದ್ದೇ, ಆದರೆ ಬಡಗಿ ಅದಕ್ಕೆ ಬಳಿದ ಬೆಳ್ಳಿಬಣ್ಣ ನಿಜವಾದ ಕತ್ತಿಗೂ ಇರಲಿಕ್ಕಿಲ್ಲ. ಅಧಿಕಾರಿ ಹಿಂದಿಯಲ್ಲಿ ಏನೋ ಕೇಳಿದ. ನನಗೆ ಗಾಬರಿಗೆ ಕನ್ನಡವೇ ಮರೆತುಹೋಗಿತ್ತು, ಇನ್ನು ಹಿಂದಿ ಎಲ್ಲಿಂದ ಬರಬೇಕು? ಅಷ್ಟರಲ್ಲಿ ನಮ್ಮ ಸೇನಾಪತಿ ಪಾತ್ರದ ಹುಡುಗ, "ಸರ್, ನೋಡಿ" ಎಂದವನೇ ಕತ್ತಿಯನ್ನು ಹೊಟ್ಟೆಗೆ ಚುಚ್ಚಿಕೊಂಡು, ಮೂರನೇ ಅಂಕದ ಹಾಗೆಯೇ ಒದ್ದಾಡಿ ನೆಲಕ್ಕೆ ಬಿದ್ದ.

ನನ್ನ ಫೋನು ಬಡಿದುಕೊಂಡಿತು. ಗಾಜಿನ ಆಚೆಯಿಂದ ಆ ಅಮ್ಮ: "ಮೇಡಂ, ವಿಮಾನ ಹತ್ತುವ ಮೊದಲೇ ಒಬ್ಬ ಹೋದನಲ್ಲಾ ಮಾರಾಯ್ರೆ!"

ಅಧಿಕಾರಿ ನಕ್ಕು ಪೆಟ್ಟಿಗೆ ಬಿಟ್ಟ. ಹೆಣ ಮಾತ್ರ ಚಪ್ಪಾಳೆ ಬೀಳುವವರೆಗೆ ಏಳಲಿಲ್ಲ.

ಬೈರಾಸಿನ ಪ್ರಯಾಣ

ಸಿಂಗಾಪುರದ ಮೆಟ್ರೋದಲ್ಲಿ ಬಾಗಿಲು ಯಾರಿಗೂ ಕಾಯುವುದಿಲ್ಲ ಎಂದು ಹಿಂದಿನ ದಿನವೇ ಹೇಳಿಕೊಟ್ಟಿದ್ದೆ. ಆದರೆ ನಮ್ಮ ಮಕ್ಕಳು ಕಲಿತದ್ದು ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ. ರೈಲು ಬಂದದ್ದೇ ತಡ, ಅದೇ ಸೇನಾಪತಿ ಹೆಗಲ ಮೇಲಿದ್ದ ಟವೆಲ್ಲನ್ನು, ಅಂದರೆ ನಮ್ಮ ಕಡೆಯ ಬೈರಾಸನ್ನು, ಜನರ ತಲೆಯ ಮೇಲಿಂದ ಒಳಗಿನ ಸೀಟಿಗೆ ಎಸೆದ. "ಮೇಡಂ, ನಿಮಗೆ ಸೀಟು ಆಯ್ತು!" ಎಂದು ಕೂಗಲು ಹಿಂದೆ ತಿರುಗಿದ. ಬಾಗಿಲು ಮುಚ್ಚಿತು.

ನಾನು ಎದೆ ಹಿಡಿದುಕೊಂಡು ತಲೆ ಎಣಿಸಿದೆ. ಎಲ್ಲರೂ ಹೊರಗೇ ಇದ್ದೆವು. ಗಾಜಿನೊಳಗೆ ಕಂಡದ್ದು, ತುಂಬಿದ ರೈಲಿನಲ್ಲಿ ಬೈರಾಸಿನ ಸುತ್ತ ಗೌರವದಿಂದ ನಿಂತ ಜನ. ಒಬ್ಬರೂ ಆ ಸೀಟಿನಲ್ಲಿ ಕೂರಲಿಲ್ಲ. ಈಗಲೂ ಅದು ನನಗೆ ಸೀಟು ಹಿಡಿದುಕೊಂಡು ಸಿಂಗಾಪುರ ಸುತ್ತುತ್ತಿರಬೇಕು.

ಅಜ್ಜನಿಗೆ ಎಂತ ವೀಸಾ?

ಎಲ್ಲರ ಪಾಸ್‌ಪೋರ್ಟುಗಳಿದ್ದ ಸಣ್ಣ ಚೀಲವನ್ನು ನಾನು ಕುತ್ತಿಗೆಗೆ ನೇತುಹಾಕಿಕೊಂಡಿದ್ದೆ. ನಾಟಕದ ದಿನ ಬೆಳಿಗ್ಗೆ ಪೆರಾಬೆಯ ಹುಡುಗಿ ಹೇಳಿದಳು: "ನೀವು ಗಳಿಗೆಗೊಮ್ಮೆ ಮುಟ್ಟಿ ನೋಡ್ತೀರಿ ಮೇಡಂ. ಕಳ್ಳನಿಗೆ ನೀವೇ ತೋರಿಸಿಕೊಟ್ಟ ಹಾಗೆ ಆಗ್ತದೆ. ನನಗೆ ಕೊಡಿ, ಜಾಗ್ರತೆಯ ಜಾಗ ಉಂಟು." ಕೊಟ್ಟೆ. ಆ ಹೊತ್ತಿಗೆ ಕುತ್ತಿಗೆ ಹಗುರಾಯಿತು.

ನಾಟಕ ಚೆನ್ನಾಗಿಯೇ ಆಯಿತು. ಭಾಷೆ ಗೊತ್ತಿಲ್ಲದವರೂ ಆ ಹುಡುಗಿಯ ಕೊನೆಯ ದೃಶ್ಯಕ್ಕೆ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು. ಮರುದಿನ ಹೊರಡುವ ಮೊದಲು ಸಾಮಾನು ಕಟ್ಟಿಸುತ್ತಾ ಕೇಳಿದೆ, "ಪಾಸ್‌ಪೋರ್ಟ್ ಎಲ್ಲಿ?"

"ಅಕ್ಕಿಯಲ್ಲಿ ಉಂಟು ಮೇಡಂ."

"ಅಕ್ಕಿಯಲ್ಲಿ?"

"ನಮ್ಮಲ್ಲಿ ಬಂಗಾರ ಎಲ್ಲ ಅಕ್ಕಿಯೊಳಗೇ ಇಡುದು. ಅಲ್ಲಿ ಯಾರೂ ಕೈ ಹಾಕುದಿಲ್ಲ."

ನಾನು ಹಾಸಿಗೆಯ ಮೇಲೆ ಕುಸಿದೆ. ನಾವಿದ್ದಲ್ಲಿ ಅಡುಗೆಮನೆಯೇ ಇರಲಿಲ್ಲ. ಸುಳ್ಯದ ಪಕ್ಕದ ಆಲೆಟ್ಟಿಯಿಂದ ಮದುವೆಯಾಗಿ ಸಿಂಗಾಪುರಕ್ಕೆ ಬಂದ ಅಕ್ಕ ಒಬ್ಬರು ನಮಗೆ ದಿನವೂ ಊಟ ತಂದುಕೊಡುತ್ತಿದ್ದರು. ಬರಿಗೈಯಲ್ಲಿ ಹೇಗೆ ಕಳಿಸುವುದೆಂದು ಹಿಂದಿನ ಸಂಜೆ ಅವರ ಕಾರಿಗೆ ಆ ಅಕ್ಕಿ ಚೀಲವನ್ನು ಎತ್ತಿ ಇಟ್ಟವಳು ನಾನೇ.

ಫೋನು ಮಾಡಿದರೆ ಅಕ್ಕ ತೆಗೆಯಲೊಲ್ಲರು. ಹುಡುಗಿಯ ಮುಖ ಬಿಳಿಚಿತು. "ಅಮ್ಮನಿಗೆ ಗೊತ್ತಾದ್ರೆ ನನ್ನ ನಾಟಕ ಮುಗೀತು ಮೇಡಂ." ನಮ್ಮ ಕಡೆ ಏನು ಕಳೆದರೂ ಕೊರಗಜ್ಜ ದೈವಕ್ಕೆ ಹೇಳಿಕೊಳ್ಳುವುದು ರೂಢಿ. ನಾನು ಕಣ್ಣು ಮುಚ್ಚಿ ಚಕ್ಕುಲಿ, ವೀಳ್ಯದೆಲೆ ಎಲ್ಲ ಹರಕೆ ಹೇಳಿಕೊಂಡೆ. ಕಣ್ಣು ಬಿಟ್ಟರೆ ಎಲ್ಲರೂ ಕೈಜೋಡಿಸಿಯೇ ನಿಂತಿದ್ದರು.

"ಕಡಲು ದಾಟಿ ಬರ್ತಾರಾ ಮೇಡಂ?" ಒಬ್ಬಳು ಪಿಸುಗುಟ್ಟಿದಳು.

"ಬರ್ತಾರೆ. ಅಜ್ಜನಿಗೆ ಎಂತ ವೀಸಾ?" ಎಂದ ಸೇನಾಪತಿ.

ಬೇರೆ ದಾರಿ ಕಾಣದೆ ವಿಮಾನ ನಿಲ್ದಾಣಕ್ಕೆ ಹೋದೆವು. ಬಾಗಿಲಲ್ಲೇ ಆ ಅಕ್ಕ ಏದುಸಿರು ಬಿಡುತ್ತಾ ನಿಂತಿದ್ದರು. ಕೈಯಲ್ಲಿ ನಮ್ಮ ಪಾಸ್‌ಪೋರ್ಟುಗಳ ಸಣ್ಣ ಚೀಲ. ಊರಿನ ಕುಚ್ಚಲಕ್ಕಿ ಒಬ್ಬರೇ ತಿನ್ನುವುದುಂಟೇ ಎಂದು ಗೆಳತಿಯರಿಗೆ ಹಂಚಲು ಅಳೆಯುವಾಗ ಸೇರಿಗೆ ಅದು ಸಿಕ್ಕಿತಂತೆ. ಫೋನು ಮನೆಯಲ್ಲೇ ಮರೆತು ಓಡಿಬಂದಿದ್ದರು. "ಎಂತ ಮೇಡಂ, ಈಗ ಊರಲ್ಲಿ ಅಕ್ಕಿಯ ಜೊತೆ ಪಾಸ್‌ಪೋರ್ಟೂ ಬೆಳೆಯುದಾ?" ನಾನು ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಪೆರಾಬೆಯ ಅಮ್ಮನ ಬಳಿ ತುಟಿ ಬಿಚ್ಚಬಾರದೆಂದು ವಿಮಾನದಲ್ಲಿ ಎಲ್ಲರಿಂದಲೂ ಆಣೆ ಮಾಡಿಸಿದೆ. ನಾಟಕದವರ ಬಾಯಿ! ಮಂಗಳೂರಿನಲ್ಲಿ ಇಳಿದದ್ದೇ ಸೇನಾಪತಿ ಇಡೀ ಪ್ರಸಂಗವನ್ನು ಆ ಅಮ್ಮನ ಎದುರು ಅಭಿನಯಿಸಿ ತೋರಿಸಿದ. ನನ್ನ ಪಾತ್ರವೂ ಅವನದೇ.

ಅಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವಳೇನೋ ಅಕ್ಕಿಯಲ್ಲಿ ಜಾಗ್ರತೆಯಾಗಿಯೇ ಇಟ್ಟಿದ್ದಾಳೆ. ದಾನ ಮಾಡಿದ್ದು ನೀವು" ಎಂದರು. ಆಮೇಲೆ ಮಗಳ ಕಡೆ ತಿರುಗಿದರು: "ಇನ್ನು ನಾಟಕಕ್ಕೆ ಎಲ್ಲಿಗೆ ಹೋಗುದಿದ್ರೂ ನೀನು ಹೋಗು. ಈ ಮೇಡಮ್ಮನನ್ನು ನೋಡಿಕೊಳ್ಳಲಿಕ್ಕೆ ಒಬ್ಬರು ಬೇಕಲ್ಲಾ!"