ಗಂಗಾಂಬಿಕೆಯ ಫೋಟೋ

"ಮುಂದೆ ದೀಪ ಹಚ್ಚಿಡಕ್ಕೆ ಅಮ್ಮಾರದೊಂದು ಫೋಟೋ ತನ್ನಿ ಕರಿಬಸವಯ್ನೋರೆ," ಎಂದು ಪಕ್ಕದ ಮನೆಯ ಸಿದ್ದಗಂಗಯ್ಯ ಕೇಳಿದ್ದೇ ಫಜೀತಿಗೆ ಮೂಲವಾಯಿತು.

ಗಂಗಾಂಬಿಕೆ ಬೆಳಿಗ್ಗೆ ಕಾಫಿ ಸೋಸುತ್ತಾ ಕುಸಿದವಳು ಮತ್ತೆ ಏಳಲಿಲ್ಲ. ಹಣೆ ತುಂಬ ವಿಭೂತಿ ಬಳಿದು, ಗೋಡೆಗೊರಗಿಸಿ ಕೂರಿಸಿದ್ದರು. ಗಂಡ ಕರಿಬಸವಯ್ಯ ಇಪ್ಪತ್ತೇಳು ವರ್ಷದಿಂದ ಗುಬ್ಬಿಗೆ ಫೋಟೋಗ್ರಾಫರು. ನಿಟ್ಟೂರಿನವರೆಗೆ ಅವನ ಕ್ಯಾಮೆರಾ ಮುಂದೆ ಬೆವರದ ಮದುಮಗನಿಲ್ಲ. ಸತ್ತವರನ್ನೂ ಕೂರಿಸಿ ತೆಗೆದವನು. ಹೆಂಡತಿ ಕೇಳಿದಾಗಲೆಲ್ಲ, "ಫಿಲಂ ಉಳಿದ್ರೆ ನಿಂಗೇ ಕಣೇ," ಅನ್ನುತ್ತಿದ್ದ. ಉಳಿಯುತ್ತಲೇ ಇರಲಿಲ್ಲ.

ಆದರೂ ಎಲ್ಲೋ ಒಂದಿರಬಹುದೆಂದು ಸ್ಟುಡಿಯೋದ ಟ್ರಂಕುಗಳನ್ನು ಹಜಾರಕ್ಕೆ ಎಳೆತಂದು ಸುರಿದ. ಹುಡುಕಲು ಕೂತ ನೆಂಟರಿಷ್ಟರಿಗೆ ತಂತಮ್ಮ ಫೋಟೋಗಳೇ ಸಿಗತೊಡಗಿದವು.

"ಅಣ್ಣಾ, ನಮ್ಮ ಹುಡುಗಿ ಫೋಟೋ ಕೆಟ್ಟೋಯ್ತು ಅಂದಿದ್ರಿ, ಇಲ್ಲೇ ಐತಲ್ಲ," ಎಂದು ಎದುರುಮನೆ ಸರ್ವಮಂಗಳ ತಕರಾರು ತೆಗೆದಳು. ಸಿದ್ದಗಂಗಯ್ಯ, ತನಗೆ ತಲೆತುಂಬ ಕೂದಲಿದ್ದ ಕಾಲದ ಫೋಟೋವನ್ನು ಹೆಣದ ಮುಂದೆ ಕೂತವರಿಗೆಲ್ಲ ತೋರಿಸಿಕೊಂಡು ಬಂದ. ಸಾವಿನ ಮನೆ ಸಂತೆಯಂತಾಯಿತು. ಗಂಗಾಂಬಿಕೆ ಸಿಕ್ಕಿದ್ದು ಒಂದೇ ಕಡೆ: ಯಾರದೋ ನಾಮಕರಣದ ಫೋಟೋದ ಅಂಚಿನಲ್ಲಿ, ಬಳೆ ತೊಟ್ಟ ಒಂದು ಮೊಣಕೈ.

"ಅದು ನಮ್ಮತ್ತೆ ಕೈ ಇರ್ಬೋದು," ಅಂದಳು ಸರ್ವಮಂಗಳ.

"ಹೆಂಗೂ ಕೂರ್ಸಿದೀವಿ, ಈಗ್ಲೇ ತೆಗ್ದುಬುಡಿ," ಎಂದ ಸಿದ್ದಗಂಗಯ್ಯ.

ಕರಿಬಸವಯ್ಯ ಸ್ಟ್ಯಾಂಡು ನಿಲ್ಲಿಸಿ ಕರಿಬಟ್ಟೆಯೊಳಗೆ ತಲೆ ತೂರಿಸಿದ. ಕ್ಯಾಮೆರಾದ ಗಾಜಿನ ಮೇಲೆ, ಅಲ್ಲಿ ಎಲ್ಲರೂ ಕಾಣುವಂತೆ, ಹೆಂಡತಿ ತಲೆಕೆಳಗಾಗಿ ಕೂತಿದ್ದಳು. ಕತ್ತು ಸ್ವಲ್ಪ ವಾಲಿತ್ತು. ಅಭ್ಯಾಸಬಲದಿಂದ ಅವನ ಬಾಯಿಂದ ಬಂತು: "ವಸಿ ನಗಿ."

ಅವನು ಬಟ್ಟೆಯೊಳಗಿಂದ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ, "ನನ್ನ ಕೈಲಿ ಆಗಲ್ಲ," ಅಂದ.

ಸಿದ್ದಗಂಗಯ್ಯ ಪೋಸ್ಟಾಫೀಸಿನಿಂದ ಫೋನು ಮಾಡಿ ತುಮಕೂರಿನ ಗಂಗಹನುಮಯ್ಯನನ್ನು ಕರೆಸಿದ. ಕರಿಬಸವಯ್ಯನ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಸೆಳೆದುಕೊಂಡಿದ್ದ ಫೋಟೋಗ್ರಾಫರು ಆತ. ಮಧ್ಯಾಹ್ನದ ಬಸ್ಸಿಗೆ ಬಂದವನು ಹೆಣ ನೋಡಿ ಬ್ಯಾಗು ಕೆಳಗಿಟ್ಟ.

"ಈ ಅಮ್ಮಾರು ನಿಮ್ಮನೆಯೋರಾ?"

"ಹೂಂ. ಯಾಕೆ?"

"ವರ್ಷಕ್ಕೊಂದ್ಸಲ ನಮ್ಮ ಸ್ಟುಡಿಯೋಗೆ ಬರೋರು. ತೆಗೆಸ್ಕಂಡು, 'ಇಲ್ಲೇ ಇಟ್ಕಂಡಿರಿ, ಮನೇಲಿ ಜಾಗ ಇಲ್ಲ' ಅನ್ನೋರು. ಯಾರು ಎತ್ತ ಅಂತ ಒಂದಿನಾನೂ ಹೇಳ್ಲಿಲ್ಲ." ಆತ ಕ್ಯಾಮೆರಾ ತೆಗೆಯಲೇ ಇಲ್ಲ. "ಸಂಜೆ ಬಸ್ಸಿಗೆ ಕಳಿಸ್ತೀನಿ ಬಿಡಿ."

ಮಣ್ಣು ಮಾಡಿ ಬರುವಷ್ಟರಲ್ಲಿ ಕಂಡಕ್ಟರು ಲಕೋಟೆ ಕೊಟ್ಟುಹೋಗಿದ್ದ. ಹನ್ನೊಂದು ಫೋಟೋ. ಹನ್ನೊಂದರಲ್ಲೂ ಬೇರೆಬೇರೆ ಸೀರೆ, ಹನ್ನೊಂದರಲ್ಲೂ ನಗು. ಮನೆಯಲ್ಲಿ ಆ ನಗುವನ್ನು ಕರಿಬಸವಯ್ಯ ಕಂಡಿರಲಿಲ್ಲ.

ಅದರಲ್ಲೊಂದನ್ನು ಸಿದ್ದಗಂಗಯ್ಯನೇ ಆರಿಸಿ, ಕಟ್ಟು ಹಾಕಿಸಿ, ಸ್ಟುಡಿಯೋದಲ್ಲಿ ನೇತುಹಾಕಿಸಿದ. ಇವತ್ತಿಗೂ ಬಂದ ಗಿರಾಕಿಗಳು ಮೊದಲು ಅದರ ಮುಂದೆ ನಿಲ್ಲುತ್ತಾರೆ.

"ಫೋಟೋ ಅಂದ್ರೆ ಇದು ನೋಡಿ ಸ್ವಾಮಿ. ಎಂಥ ಕೈ ನಿಮ್ದು. ನಮ್ದೂ ಹಿಂಗೇ ತೆಗೀರಿ."

"ಕೂತ್ಕಳಿ," ಅನ್ನುತ್ತಾನೆ ಕರಿಬಸವಯ್ಯ.