ಕಂಬಳಿಯೊಳಗಿನ ಕೂಗು

ನನ್ನ ಹೆಸರು ಎಲ್ಲಾದರೂ ಇರುವುದಾದರೆ ಹಾಜರಿ ಪುಸ್ತಕದಲ್ಲಿ ಇದ್ದರೆ ಸಾಕು ಎನ್ನುವವಳು ನಾನು. ಮದುವೆ ಮನೆಯಲ್ಲಿ ಫೋಟೊ ತೆಗೆಯುವವರು ಬಂದರೆ ಕಂಬದ ಹಿಂದೆ ನಿಲ್ಲುತ್ತೇನೆ. ಕಂಬ ಸಿಗದಿದ್ದರೆ ದಪ್ಪನೆಯ ಅತ್ತೆಯೊಬ್ಬರ ಹಿಂದೆ. ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಗಣಿತ ಪಾಠ ಮಾಡುವಾಗ ನನ್ನ ಧ್ವನಿ ಮೂರನೆಯ ಬೆಂಚು ದಾಟುವುದಿಲ್ಲ ಎಂಬ ದೂರೂ ಇದೆ. ಅಂಥವಳ ಗಂಟಲು ಈಗ ರಾಯಚೂರಿನಿಂದ ಮಾನ್ವಿಯವರೆಗೆ ಕಂಡವರ ಮೊಬೈಲಿನಲ್ಲೆಲ್ಲ ಕೂಗುತ್ತಿದೆ.

ಇದಕ್ಕೆ ಕಾರಣ ನನ್ನ ತಮ್ಮ ಬೀರಪ್ಪ. ಅವನು ರ‍್ಯಾಪ್ ಹಾಡುತ್ತಾನೆ. ಮೊದಲ ಆಲ್ಬಮ್ಮಿಗೆ ‘ಕರಿ ಕಂಬಳಿ’ ಎಂದು ಹೆಸರಿಟ್ಟು, ಅದು ನಮ್ಮ ಅಜ್ಜಿ ಕುರಿ ಕರೆಯುವ ಕೂಗಿನಿಂದಲೇ ಶುರುವಾಗಬೇಕೆಂದು ಹಟ ಹಿಡಿದ. ಇಬ್ಬರೂ ದೇವದುರ್ಗದ ಕಡೆಯ ನಮ್ಮೂರಿಗೆ ಹೋದೆವು. ಅಜ್ಜಿಯ ಬಾಯಿಗೆ ಮೊಬೈಲು ಹಿಡಿದ.

“ಕುರಿ ಅಲ್ಲಿ ಹೊಲದಾಗ ಅದಾವ. ಈಗ ಯಾರ್ನ ಕರೀಲೋ, ನಿನ್ನಾ?” ಎಂದಳು ಅಜ್ಜಿ.

“ಸುಮ್ನ ಒಂದ್ಸಲ ಕರಿ ಯವ್ವಾ, ಹಾಡಿಗಿ ಬೇಕು.”

“ಸುಮ್ಸುಮ್ಕ ಕರೀಬಾರ್ದಪಾ. ಕರದ ಮ್ಯಾಲ ಬಂದವ್ರಿಗಿ ಒಂದು ಹಿಡಿ ಏನರ ಕೊಡಬೇಕು. ಬರೇ ಕೈಲಿ ಕರದ್ರ ನಾಳಿ ಯಾವ ಕುರಿ ನನ್ನ ನಂಬ್ತದ?”

ಆ ಕೂಗು ಅಜ್ಜಿಯನ್ನು ಬಿಟ್ಟರೆ ಬರುವುದು ನನಗೊಬ್ಬಳಿಗೇ. ಚಿಕ್ಕಂದಿನ ರಜೆಗಳಲ್ಲಿ ಅವಳ ಹಿಂದೆ ತಿರುಗಿ ಕಲಿತದ್ದು. ಪದವಿ ಪತ್ರದಲ್ಲಿ ನಮೂದಾಗಿಲ್ಲ. ತಮ್ಮ ಮೂರು ದಿನ ಕಾಡಿದ. ನನ್ನ ಹೆಸರು ಎಲ್ಲೂ ಬರಬಾರದೆಂದು ಆಣೆ ಮಾಡಿಸಿಕೊಂಡು ಒಪ್ಪಿದೆ. ರಾಯಚೂರಿನ ನಮ್ಮ ಬಾಡಿಗೆ ಮನೆಯಲ್ಲಿ, ಮೇ ತಿಂಗಳ ಮಧ್ಯಾಹ್ನ, ಗೋಡೆಯ ಪ್ರತಿಧ್ವನಿ ಬರದಿರಲೆಂದು ಅವನು ನನ್ನ ಮೇಲೆ ಅಜ್ಜಿಯ ಕಂಬಳಿಯನ್ನೇ ಹೊದಿಸಿದ. ಒಳಗಿನಿಂದ ನಾನು “ಹುರ್ರ್ರ್... ತೋ, ತೋ, ತೋ...” ಎಂದು ಕೂಗಿದೆ. ಹೊರಗೆ ಬಂದಾಗ ಬೆವರಿನಲ್ಲಿ ಅದ್ದಿ ತೆಗೆದಂತಿದ್ದೆ. ಓಣಿಯ ಆಡೊಂದು ಬಾಗಿಲಲ್ಲಿ ನಿಂತಿತ್ತು. ಅದನ್ನು ಬೀರಪ್ಪ ಶುಭಶಕುನ ಎಂದ.

ಆಲ್ಬಮ್ ಬಂತು. ಮಾನ್ವಿಯ ಸೋದರಮಾವ ಎಂಟೂ ಹಾಡು ಕೇಳಿ, “ಸಂತ್ಯಾಗ ಜಗಳ ಆದಂಗ ಅದ. ಆದ್ರ ಯಾರು ಗೆದ್ರು ತಿಳೀಲಿಲ್ಲ” ಎಂದರು. ಪೋತ್ನಾಳದ ಮೊಬೈಲ್ ಅಂಗಡಿಯವನು ಮಾತ್ರ ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನೇ ಹಾಕಿದ. ನಮ್ಮೂರಿನವರು ಚಾವಡಿಯ ಮುಂದೆ ದೊಡ್ಡ ಸ್ಪೀಕರು ಕಟ್ಟಿ ಬಿಡುಗಡೆಯ ಸಮಾರಂಭವನ್ನೇ ಮಾಡಿದರು. ಸಂಜೆ ಐದಕ್ಕೆ ಗುಂಡಿ ಒತ್ತಿದ್ದೇ ತಡ, ನನ್ನ ಕೂಗು ಹೊಲದ ಮೇಲೆಲ್ಲ ಹರಿಯಿತು. ಮೊದಲು ಧೂಳು ಕಂಡಿತು. ಆಮೇಲೆ ಅಜ್ಜಿಯ ಎಂಬತ್ತು ಕುರಿಗಳೂ ಹಾರ ಹಿಡಿದು ನಿಂತಿದ್ದ ಹಿರಿಯರನ್ನು ಸರಿಸಿ, ಸ್ಪೀಕರಿನ ಮುಂದೆ ಸಾಲಾಗಿ ನಿಂತವು.

“ಹೌಸ್‌ಫುಲ್ ಲೇ!” ಎಂದು ಬೀರಪ್ಪ ಮೈಕಿನಲ್ಲೇ ಕೂಗಿ ಕುಣಿದ. ಹಾರವನ್ನು ಒಂದು ಟಗರು ತಿಂದಿತು.

ಅಜ್ಜಿ ಸ್ಪೀಕರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಮನೆಗೆ ಹೋಗಿ ಒಂದು ಬುಟ್ಟಿ ಮೆಕ್ಕೆಜೋಳ ತಂದು ನನ್ನ ಕೈಗಿಟ್ಟು, ಕಿವಿಯಲ್ಲಿ, “ಕರದೀಯಲ್ಲವ್ವಾ, ಈಗ ಕೊಡು” ಎಂದಳು. ಎಂಬತ್ತು ಬಾಯಿಗೂ ಹಿಡಿ ಹಿಡಿ ಕೊಟ್ಟೆ. ಓದಿದ ಹುಡುಗಿಗೆ ಕುರಿಯ ಮೇಲೆ ಎಷ್ಟು ಪ್ರೀತಿ ಎಂದು ಜನ ಮೆಚ್ಚಿದರು. ಗುಟ್ಟು ಉಳಿಯಿತು.

ಉಳಿಯುತ್ತಿತ್ತು. ಆದರೆ ಕಳೆದ ಸೋಮವಾರ ಯರಗೇರಾ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ನನ್ನ ವಿದ್ಯಾರ್ಥಿಗಳು ಆ ಹಾಡು ಹಾಕಿಕೊಂಡು ವಾದಕ್ಕಿಳಿದರು.

“ಆ ಕೂಗು ಮನುಷ್ಯಾರದ್ದಲ್ಲ ಲೇ. ಕಂಪ್ಯೂಟರ್‌ದಾಗ ಮಾಡ್ಯಾರ.”

“ಹೌದು ಮತ್ತ. ಅದ್ರಾಗ ಒಂಚೂರೂ ಜೀವ ಇಲ್ಲ.”

ಜೀವ ಇಲ್ಲ! ಕಂಬಳಿಯೊಳಗೆ ನನ್ನ ಜೀವ ಅರ್ಧ ಹೋಗಿತ್ತು. ಮೂರು ನಿಲ್ದಾಣ ಸಹಿಸಿದೆ. ನಾಲ್ಕನೆಯದರಲ್ಲಿ ಎದ್ದು ನಿಂತೇಬಿಟ್ಟೆ. ಹಿಂದೆ ತಿರುಗಿ, “ಕಂಪ್ಯೂಟರ್ ಕರದ್ರ ಕುರಿ ಬರ್ತಾವೇನ್ರೋ?” ಎಂದು ಕೇಳಿ, ಕಂಬಿ ಹಿಡಿದು, ಎದೆ ತುಂಬ ಉಸಿರೆಳೆದು ಕೂಗಿದೆ.

ಡ್ರೈವರು ಬ್ರೇಕು ಹಾಕಿದ. ಇಡೀ ಬಸ್ಸು ನನ್ನ ಕಡೆ ತಿರುಗಿತು. ಕಂಡಕ್ಟರು ಹಿಂದಿನ ಬಾಗಿಲಿನಿಂದ ನುಗ್ಗಿ ಬಂದು, “ಏನಾತ್ರೀ ಮೇಡಮ್ಮಾರ?” ಎಂದರು. ನನಗೆ ಅಜ್ಜಿಯ ಮಾತು ಹೊಳೆಯಿತು: ಬರಿಗೈಯಲ್ಲಿ ಕರೆಯಬಾರದು. ಚೀಲದಲ್ಲಿ ಹುರಿದ ಶೇಂಗಾ ಇತ್ತು. ಕಂಡಕ್ಟರಿಗೆ ಒಂದು ಹಿಡಿ ಕೊಟ್ಟೆ, ಡ್ರೈವರಿಗೆ ಒಂದು, ಆಮೇಲೆ ಸೀಟಿನಿಂದ ಸೀಟಿಗೆ. ಕೊನೆಯ ಹಿಡಿ ಸಿಕ್ಕಿದ್ದು ಜೀವ ಇಲ್ಲ ಎಂದಿದ್ದ ಹುಡುಗನಿಗೆ; ಅವನು ಎದ್ದು ನಿಂತು, “ಮೇಡಂ, ಜೀವ ಅದರೀ” ಎಂದ.

ಈಗ ತರಗತಿಯಲ್ಲಿ ಮೂರನೆಯ ಬೆಂಚಿನ ದೂರು ನಿಂತಿದೆ. ನನ್ನ ಬಗ್ಗೆ ಯಾರೂ ಮಾತಾಡಬಾರದೆಂಬ ತತ್ವವನ್ನು ನಾನಿನ್ನೂ ಬಿಟ್ಟಿಲ್ಲ. ಬಸ್ಸು ಹತ್ತುವ ಮುಂಚೆ ದಿನವೂ ಒಂದು ಸೇರು ಶೇಂಗಾ ಕೊಳ್ಳುತ್ತೇನೆ, ಅಷ್ಟೇ. ಯಾರಾದರೂ ಕೂಗು ಎಂದು ಕೇಳಿಬಿಟ್ಟರೆ ಬರಿಗೈಯಲ್ಲಿ ಇರಬಾರದಲ್ಲ. ನಿನ್ನೆಯವರೆಗೆ ಯಾರೂ ಕೇಳಿಲ್ಲ. ಶೇಂಗಾವನ್ನು ನಾನೇ ತಿನ್ನುತ್ತಿದ್ದೇನೆ.